ದಂತ ಆಸ್ಪತ್ರೆಯ ಚಿಕಿತ್ಸೆ: ರೊಕ್ಕದ ಜೊತೆಗೆ ದಿನಗಳ ಲೆಕ್ಕವೂ ಇರಲಿ

ವರ್ತಕರು ಹಾಗೂ ಉದ್ದಿಮೆದಾರರು ಸಾಮಾನ್ಯವಾಗಿ ಮುಂದೂಡುತ್ತ ಬರುವ ವೆಚ್ಚಗಳಲ್ಲಿ ಹಲ್ಲಿನ ಚಿಕಿತ್ಸೆಯೂ ಒಂದು. 'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯ ಅರ್ಥವನ್ನು ಕಡಲೆ ಬೆಳೆಯುವ ಹುನಗುಂದ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಹುಳುಕು ಚಿಕ್ಕದಿರುವಾಗ ಒಂದೇ ಭೇಟಿಯಲ್ಲಿ ತುಂಬಿಸಿ ಮುಗಿಸಬಹುದಾದ ಹಲ್ಲು, ವರ್ಷ ಕಳೆದರೆ ಬೇರುನಾಳ ಚಿಕಿತ್ಸೆಯನ್ನು (ರೂಟ್ ಕೆನಾಲ್) ಬೇಡುತ್ತದೆ. ಇನ್ನೂ ತಡೆದರೆ ಹಲ್ಲನ್ನು ಕೀಳಿಸಿ, ಅದರ ಜಾಗದಲ್ಲಿ ಕಟ್ಟುಹಲ್ಲು ಕೂಡಿಸಬೇಕಾಗುತ್ತದೆ. ಸಾಲದ ಮೇಲಿನ ಚಕ್ರಬಡ್ಡಿಯಂತೆ ಇಲ್ಲಿಯೂ ವೆಚ್ಚ ಬೆಳೆಯುತ್ತಲೇ ಹೋಗುತ್ತದೆ.

ರಾಮಥಾಳ, ಹುನಗುಂದ, ಇಳಕಲ್, ಅಮೀನಗಡ ಭಾಗದವರಿಗೆ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯಲ್ಲಿಯೇ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇದೆ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಇದನ್ನು ನಡೆಸುತ್ತದೆ. ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳ ಕಾರ್ಯವಿಧಾನ ಎಲ್ಲೆಡೆ ಬಹುಮಟ್ಟಿಗೆ ಒಂದೇ ತೆರನಾಗಿದ್ದು, ಅದನ್ನು ಮೊದಲೇ ತಿಳಿದುಕೊಂಡು ಹೋಗುವುದು ಲಾಭದಾಯಕ.

ಚಿಕಿತ್ಸೆಯ ಕ್ರಮ

ಮೊದಲು ನೋಂದಣಿ ಮಾಡಿಸಿ ಕೇಸ್ ಪೇಪರ್ ಪಡೆಯಬೇಕು. ನೋವಿರುವುದು ಒಂದೇ ಹಲ್ಲಿಗಾದರೂ ಬಾಯಿ ಪರೀಕ್ಷಾ ವಿಭಾಗದಲ್ಲಿ ಇಡೀ ಬಾಯಿಯನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆದು, ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸುತ್ತಾರೆ. ಒಸಡು, ಹಲ್ಲು ತುಂಬುವಿಕೆ, ಶಸ್ತ್ರಚಿಕಿತ್ಸೆ, ಕಟ್ಟುಹಲ್ಲು, ವಕ್ರದಂತ, ಮಕ್ಕಳ ಹಲ್ಲು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ವಿಭಾಗವಿರುತ್ತದೆ.

ಇಲ್ಲಿ ಚಿಕಿತ್ಸೆ ನೀಡುವವರು ಅನೇಕ ಸಲ ಪದವಿ ಅಥವಾ ಸ್ನಾತಕೋತ್ತರ ವಿದ್ಯಾರ್ಥಿಗಳು. ಇದರಿಂದ ಕೆಲವರು ಹಿಂಜರಿಯುವುದುಂಟು. ಆದರೆ ವಿದ್ಯಾರ್ಥಿಯು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾನೆ; ಒಂದು ಹಂತವನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆದು ಮುಂದಿನ ಹಂತಕ್ಕೆ ಹೋಗುತ್ತಾನೆ. ಶುಲ್ಕ ಕಡಿಮೆಯಿರುವುದಕ್ಕೂ ಸಮಯ ಹೆಚ್ಚು ಹಿಡಿಯುವುದಕ್ಕೂ ಈ ವ್ಯವಸ್ಥೆಯೇ ಮುಖ್ಯ ಕಾರಣ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಗರ್ಭಧಾರಣೆ, ಔಷಧಿಯ ಅಲರ್ಜಿ ಇದ್ದಲ್ಲಿ ಮೊದಲೇ ತಿಳಿಸತಕ್ಕದ್ದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸ್ಥಳೀಯ ಅರಿವಳಿಕೆಯಲ್ಲಿ ಹಲ್ಲು ಕೀಳಿಸಲು ಉಪವಾಸ ಬರಬೇಕಾಗಿಲ್ಲ. ಉಪಾಹಾರ ಮುಗಿಸಿಯೇ ಹೋಗುವುದು ಲೇಸು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ, ಹಲ್ಲು ಸ್ವಚ್ಛಗೊಳಿಸಿದರೆ ಸಡಿಲವಾಗುತ್ತವೆ ಎಂಬ ನಂಬಿಕೆಗಳಿಗೆ ಆಧಾರವಿಲ್ಲ.

ದಿನಗಳ ಲೆಕ್ಕ

ಪೂರ್ಣ ಕಟ್ಟುಹಲ್ಲಿನ ಸೆಟ್ಟಿಗೆ ಸಾಮಾನ್ಯವಾಗಿ ಐದು ಭೇಟಿಗಳು ಬೇಕು: ಮೊದಲ ಅಚ್ಚು, ಅಂತಿಮ ಅಚ್ಚು, ದವಡೆಗಳ ಅಳತೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಸೆಟ್ಟು ಕೂಡಿಸುವುದು. ಬೇರುನಾಳ ಚಿಕಿತ್ಸೆಗೂ ಹಲವು ಭೇಟಿಗಳಾಗಬಹುದು. ಬಳಿಕ ದವಡೆ ಹಲ್ಲಿನ ಮೇಲೆ ಕವಚ ಹಾಕಿಸುವುದು ಬೇರೆ ಕೆಲಸ.

ಒಬ್ಬ ನೇಕಾರನ ಇಲ್ಲವೆ ಗ್ರಾನೈಟ್ ಕಾರ್ಮಿಕನ ದಿನಗೂಲಿ 600 ರೂಪಾಯಿ ಎಂದು ಭಾವಿಸೋಣ. ಐದು ಭೇಟಿಗೆ 3,000 ರೂಪಾಯಿ ದುಡಿಮೆ ಹೋಯಿತು. ಬಸ್ ಖರ್ಚು, ಊಟ ಪ್ರತ್ಯೇಕ. ಆಸ್ಪತ್ರೆಯ ಶುಲ್ಕದಲ್ಲಿ ಉಳಿದದ್ದು ಕೂಲಿಯಲ್ಲಿ ಕಳೆಯಿತು. ನೋವು ನಿಂತೊಡನೆ ಕಾರ್ಮಿಕನು ಎರಡನೆಯ ಭೇಟಿಗೇ ಚಿಕಿತ್ಸೆ ಕೈಬಿಡುವುದು ಅಲಕ್ಷ್ಯದಿಂದಷ್ಟೇ ಅಲ್ಲ, ಈ ಲೆಕ್ಕದಿಂದಲೂ ಹೌದು. ಆದರೆ ಅರ್ಧಕ್ಕೆ ನಿಂತ ಬೇರುನಾಳ ಚಿಕಿತ್ಸೆಯಲ್ಲಿ ಸೋಂಕು ಮರುಕಳಿಸುತ್ತದೆ. ಕವಚವಿಲ್ಲದ ಹಲ್ಲು ಸೀಳಬಹುದು. ಆಗ ಹಾಕಿದ ಹಣವೂ ಹೋಗಿ ಹಲ್ಲೂ ಹೋಗುತ್ತದೆ.

ಆದ್ದರಿಂದ ಮೊದಲ ದಿನವೇ ಮೂರು ಪ್ರಶ್ನೆಗಳನ್ನು ಕೇಳಬೇಕು: ಒಟ್ಟು ಎಷ್ಟು ಭೇಟಿ? ಒಟ್ಟು ಎಷ್ಟು ವೆಚ್ಚ? ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ? ಪ್ರತಿ ಪಾವತಿಗೂ ರಸೀದಿ ಪಡೆದು, ಕೇಸ್ ಪೇಪರ್ ಜೊತೆಗೆ ಇಟ್ಟುಕೊಳ್ಳಬೇಕು.

ತೆರಿಗೆ ಮತ್ತು ವಿಮೆ

ಜಿಎಸ್‌ಟಿ ಜಾರಿಗೆ ಬಂದ 2017ರಿಂದಲೂ ಆಸ್ಪತ್ರೆಗಳ ಚಿಕಿತ್ಸಾ ಸೇವೆಗೆ ವಿನಾಯಿತಿ ಇದೆ. ಕೇವಲ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಅದು ಅನ್ವಯಿಸದಿರಬಹುದು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್ ಮತ್ತು ಬ್ರಶ್‌ಗಳ ಮೇಲಿನ ತೆರಿಗೆಯನ್ನು ಶೇ. 5ಕ್ಕೆ ಇಳಿಸಲಾಗಿದೆ. ಬಹುತೇಕ ಆರೋಗ್ಯ ವಿಮೆಗಳು ಹೊರರೋಗಿಯಾಗಿ ಪಡೆಯುವ ದಂತ ಚಿಕಿತ್ಸೆಯ ವೆಚ್ಚ ಭರಿಸುವುದಿಲ್ಲ. ಪಾಲಿಸಿಯ ಷರತ್ತುಗಳನ್ನು ಓದಿ ನೋಡಬೇಕು. ಮಾಲೀಕನು ತನ್ನ ಸ್ವಂತ ಹಲ್ಲಿಗೆ ಮಾಡಿದ ಖರ್ಚನ್ನು ಅಂಗಡಿಯ ಲೆಕ್ಕದಲ್ಲಿ ವ್ಯವಹಾರದ ವೆಚ್ಚವೆಂದು ಬರೆಯಲಾಗದು. ನೌಕರರ ಕಲ್ಯಾಣಕ್ಕೆಂದು ಮಾಡಿದ, ರಸೀದಿಯುಳ್ಳ ಖರ್ಚಿನ ಮಾತು ಬೇರೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಕಟ್ಟುಹಲ್ಲು ನೀಡಲು ರಾಜ್ಯ ಸರ್ಕಾರ ರೂಪಿಸಿದ 'ದಂತ ಭಾಗ್ಯ' ಯೋಜನೆಯ ಬಗ್ಗೆ, ಬಿಪಿಎಲ್ ಕಾರ್ಡ್ ಒಯ್ದು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮಾಲೀಕರ ಹೊಣೆ

ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿಯೇ ನಿಷೇಧಿಸಲಾಯಿತು. ಆದರೂ ಕೆಲಸದ ಸ್ಥಳಗಳಲ್ಲಿ ತಂಬಾಕು ಜಗಿಯುವ ಚಟ ಹೋಗಿಲ್ಲ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವು ನೋವಿಲ್ಲದಿದ್ದರೂ ಕೂಡಲೇ ತೋರಿಸಬೇಕಾದ ಲಕ್ಷಣಗಳು. ಬಾಯಿ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಇಂಥ ಕಾರ್ಮಿಕನಿಗೆ ಬೇಕಾಗಿರುವುದು ಉಪದೇಶಕ್ಕಿಂತ ಮೊದಲು ಒಂದು ದಿನದ ಸಂಬಳ ಸಹಿತ ರಜೆ. ಚಿಕಿತ್ಸೆ ಮುಗಿಯುವವರೆಗಿನ ಭೇಟಿಗಳಿಗೆ ಕೂಲಿ ಕಡಿತ ಮಾಡುವುದಿಲ್ಲ ಎಂದು ಮಾಲೀಕರು ಮೊದಲೇ ಮಾತು ಕೊಟ್ಟರೆ, ಅರ್ಧಕ್ಕೆ ನಿಲ್ಲುವ ಚಿಕಿತ್ಸೆಗಳ ಸಂಖ್ಯೆ ಖಂಡಿತವಾಗಿ ಕಡಿಮೆಯಾಗುತ್ತದೆ. ನುರಿತ ಕೆಲಸಗಾರನೊಬ್ಬನನ್ನು ಕಳೆದುಕೊಂಡು ಹೊಸಬನನ್ನು ತಯಾರು ಮಾಡುವ ವೆಚ್ಚದ ಮುಂದೆ ನಾಲ್ಕೈದು ದಿನಗಳ ಕೂಲಿ ದೊಡ್ಡದಲ್ಲ. ಈ ವೆಚ್ಚಕ್ಕೆ ಪ್ರತಿಯೊಬ್ಬ ವರ್ತಕ ಬಾಂಧವರೂ ತಮ್ಮ ವಾರ್ಷಿಕ ಮುಂಗಡ ಲೆಕ್ಕದಲ್ಲಿ ಸ್ಥಳ ಮಾಡಿಕೊಡುವುದು ಉಚಿತ.