ಹಳೆಯ ಎಂಜಿನ್ನಿಗೆ ನೀರು ಹೊಡೆಯುವ ಮುಂಚೆ

ಆಯುಧಪೂಜೆ ಹತ್ತಿರ ಬಂತೆಂದರೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಿ ನೋಡಿದರೂ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಗಾಡಿಗಳ ಪಾಳಿ. ಹಂಪಸಾಗರದಂಥ ಊರುಗಳಲ್ಲಿ ಬೋರಿನ ಪೈಪೇ ಆ ಕೆಲಸ ಮಾಡುತ್ತದೆ. ಪದ್ಧತಿ ಮಾತ್ರ ಎಲ್ಲ ಕಡೆಯೂ ಒಂದೇ: ಬಾನೆಟ್ ಎತ್ತು, ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸಿಂಪಡಿಸು, ಸ್ವಲ್ಪ ಹೊತ್ತು ಬಿಟ್ಟು ಜೋರಾಗಿ ನೀರು ಹೊಡಿ. ಟ್ರ್ಯಾಕ್ಟರು ಇದನ್ನು ತಡೆದುಕೊಳ್ಳುತ್ತದೆ. ಆದರೆ ಇಪ್ಪತ್ತೈದು ಮೂವತ್ತು ವರ್ಷ ದಾಟಿದ ಪೆಟ್ರೋಲ್ ಕಾರಿಗೆ, ಅದರಲ್ಲೂ ಹಳೆಯ ಸ್ಪೋರ್ಟ್ಸ್ ಕಾರಿಗೆ, ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಅಂಥ ಎಂಜಿನ್ನನ್ನು ತೊಳೆಯಬಾರದು, ಒರೆಸಬೇಕು. ಒರೆಸುವುದೂ ಹೊಳಪಿಗಾಗಿ ಅಲ್ಲ. ಎಲ್ಲಿ ಏನು ಸೋರುತ್ತಿದೆ, ಯಾವ ಪೈಪು ಬಿರುಕು ಬಿಟ್ಟಿದೆ, ಯಾವ ವೈರು ಬೆತ್ತಲಾಗಿದೆ ಎಂದು ಕಣ್ಣಿಗೆ ಕಾಣಬೇಕು, ಅದಕ್ಕಾಗಿ.

‘ನಮ್ಮ ಟ್ರ್ಯಾಕ್ಟರಿಗೆ ವರ್ಷಾ ಹೀಗೇ ಹೊಡೀತೀವಿ, ಏನೂ ಆಗಿಲ್ಲ’ ಎಂಬ ಮಾತು ಸುಳ್ಳಲ್ಲ. ಅದಕ್ಕೆ ಕಾರಣವಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಚಿಮ್ಮಿದರೆ ಅದೇ ಹೊತ್ತಿಕೊಳ್ಳುತ್ತದೆ. ಹಳೆಯ ಪೆಟ್ರೋಲ್ ಕಾರು ಬದುಕುವುದೇ ಕಿಡಿಯಿಂದ. ಕಾಯಿಲ್‌ನಲ್ಲಿ ಹುಟ್ಟುವ ಸುಮಾರು 15,000ದಿಂದ 25,000 ವೋಲ್ಟ್ ವಿದ್ಯುತ್ತು ಡಿಸ್ಟ್ರಿಬ್ಯೂಟರ್ ಮೂಲಕ ಒಂದೊಂದೇ ಪ್ಲಗ್ಗಿಗೆ ಹೋಗಬೇಕು. ಡಿಸ್ಟ್ರಿಬ್ಯೂಟರಿನ ಕ್ಯಾಪು ಬರೀ ಒಂದು ಬೇಕಲೈಟ್ ಮುಚ್ಚಳ, ಎರಡು ಕ್ಲಿಪ್ಪುಗಳ ಮೇಲೆ ಕುಳಿತಿರುತ್ತದೆ. ಅದರೊಳಗೆ ತೇವದ ಒಂದು ತೆಳು ಪದರ ಕಟ್ಟಿದರೂ ವಿದ್ಯುತ್ತು ಪ್ಲಗ್ಗಿನ ದಾರಿ ಬಿಟ್ಟು ಆ ತೇವದ ಮೇಲೆ ಹರಿಯುತ್ತದೆ. ಹರಿದ ಕಡೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ನೀರು ಆರಿದರೂ ಆ ಇಂಗಾಲದ ಗೆರೆ ಉಳಿಯುತ್ತದೆ, ಎಂಜಿನ್ನು ಮಿಸ್ ಹೊಡೆಯುತ್ತಲೇ ಇರುತ್ತದೆ. ಕಾರ್ಬೋರೇಟರಿನ ಕಥೆಯೂ ಇಂಥದ್ದೇ. ನೀರು ಪೆಟ್ರೋಲಿಗಿಂತ ಭಾರ. ಒಳಗೆ ಸೇರಿದ ಹನಿ ತಳಕ್ಕೆ ಇಳಿಯುತ್ತದೆ, ಜೆಟ್ಟು ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಗಾಡಿ ಐದು ನಿಮಿಷ ಓಡಿ ದಾರಿಯಲ್ಲಿ ನಿಂತುಬಿಡುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ.

ಸ್ಪೋರ್ಟ್ಸ್ ಕಾರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದರ ಬಾನೆಟ್ಟು ತಗ್ಗು, ಒಳಗೆ ಜಾಗ ಕಡಿಮೆ. ಕಾರ್ಬೋರೇಟರು, ವೈರು, ಕೆಂಪಗೆ ಕಾಯುವ ಎಕ್ಸಾಸ್ಟು ಎಲ್ಲ ಒತ್ತೊತ್ತಾಗಿ ಇರುತ್ತವೆ. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗದವರು 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ನಮ್ಮ ಕಡೆಯವರ ಪಾಲಿನ ಹಳೆಯ ಸ್ಪೋರ್ಟ್ಸ್ ಕಾರು ಎನ್ನಬಹುದು. ಅದರ ಎಂಜಿನ್ ರೆನೋ ಕಂಪನಿಯ 1149 ಸಿಸಿಯದು, ಮೈ ಫೈಬರ್ ಗ್ಲಾಸಿನದು. ಇಲ್ಲಿ ಒಂದು ಸೂಕ್ಷ್ಮ ಇದೆ. ತಗಡಿನ ಕಾರಿನಲ್ಲಿ ಬ್ಯಾಟರಿಗೆ ವಿದ್ಯುತ್ತು ವಾಪಸು ಬರುವುದು ಮೈ ತಗಡಿನ ಮೂಲಕ. ಫೈಬರ್ ಮೈಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಆದ್ದರಿಂದ ದೀಪ, ಹಾರ್ನು ಮುಂತಾದವುಗಳಿಗೆ ಅರ್ತ್ ವೈರನ್ನು ಬೇರೆಯಾಗಿ ಎಳೆಯಬೇಕಾಗುತ್ತದೆ. ಆ ವೈರು ಬಿಗಿದ ಬೋಲ್ಟಿನ ಸಂದಿಗೆ ನೀರು ಸೇರಿ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಮೀಟರು ಸುಳ್ಳು ಹೇಳುತ್ತದೆ. ತೊಂದರೆ ಕಾಣಿಸುವುದು ತಿಂಗಳುಗಳ ಮೇಲೆ, ಅಷ್ಟರಲ್ಲಿ ತೊಳೆದದ್ದು ಯಾರಿಗೂ ನೆನಪಿರುವುದಿಲ್ಲ.

ಮಳೆಯಲ್ಲಿ ಓಡಿದ ಕಾರಿಗೆ ಪೈಪಿನ ನೀರು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಮಳೆ ಮೇಲಿಂದ ಬೀಳುತ್ತದೆ, ಬಾನೆಟ್ಟು ಅದನ್ನು ತಡೆಯುತ್ತದೆ. ಕೆಳಗಿನಿಂದ ಸಿಡಿಯುವ ನೀರಿಗೆ ಬಲ ಅಷ್ಟಿಲ್ಲ. ಟೈರಿಗೆ ನಾವು ತುಂಬಿಸುವ ಗಾಳಿಯ ಒತ್ತಡ 30 ಪಿಎಸ್‌ಐ ಆಸುಪಾಸು. ಸಾಧಾರಣ ಪ್ರೆಶರ್ ವಾಷರಿನದು 1,500 ದಾಟುತ್ತದೆ. ಬಿಸಿಲು, ಎಣ್ಣೆ, ಕಾವು ತಿಂದು ಗಟ್ಟಿಯಾದ ಹಳೆಯ ರಬ್ಬರ್ ಸೀಲು ಆ ಏಟಿಗೆ ಉಳಿಯುವುದು ಕಷ್ಟ. ಹೊಸ ಕಾರುಗಳಲ್ಲಿ ಕನೆಕ್ಟರುಗಳಿಗೆಲ್ಲ ರಬ್ಬರಿನ ಮುಚ್ಚಿಗೆ ಇರುತ್ತದೆ, ಅವುಗಳ ಲೆಕ್ಕವನ್ನು ಹಳೆಯದಕ್ಕೆ ಹಚ್ಚಲಾಗದು. ಇನ್ನು ದೂರದಿಂದ ಓಡಿ ಬಂದ ಗಾಡಿಗೆ ತಣ್ಣೀರು ಹೊಡೆದರೆ ಕಾದ ಬೀಡಿನ ಮ್ಯಾನಿಫೋಲ್ಡು ಸೀಳಿದರೂ ಸೀಳಬಹುದು.

ನೀರಿಗಿಂತ ನನಗೆ ಹೆಚ್ಚು ಭಯ ಸೀಮೆಎಣ್ಣೆಯದು. ಅದರ ಆವಿ ಕಿಡಿಗೆ ಹೊತ್ತಿಕೊಳ್ಳಲು 35ರಿಂದ 40 ಡಿಗ್ರಿ ಕಾವು ಸಾಕು. ನಮ್ಮ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟು ಇರುತ್ತದೆ. ಆಗತಾನೆ ಆರಿಸಿದ ಎಂಜಿನ್ನಿನ ಮೇಲಂತೂ ಕೇಳಲೇಬೇಡಿ. ಪೆಟ್ರೋಲಿನ ಆವಿಗೆ ಚಳಿಗಾಲವೂ ಅಡ್ಡಿಯಲ್ಲ. ಹೀಗೆ ತೊಳೆದ ಗಾಡಿಯ ಬಾನೆಟ್ ಎತ್ತಿ, ಮುಂದೆ ಕರ್ಪೂರ ಹಚ್ಚಿ ಆರತಿ ಬೆಳಗುವ ಕಡೆ ಮಕ್ಕಳು ಸುತ್ತ ನಿಂತಿರುತ್ತಾರೆ. ಪೂಜೆಯನ್ನು ಬಿಡಿ ಎನ್ನುತ್ತಿಲ್ಲ. ಎಂಜಿನ್ನಿನ ಕೆಲಸ ಪೂಜೆಗೆ ಒಂದು ವಾರ ಮುಂಚೆ ಮುಗಿಯಲಿ, ಅಂದು ಬಾನೆಟ್ಟು ಮುಚ್ಚಿರಲಿ. ಸೀಮೆಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಕಾಸ್ಟಿಕ್ ಬೆರೆತ ಕಡುಸೋಪು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಎರಡೂ ಬೇಡ.

ಹಾಗಾದರೆ ಹೇಗೆ? ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಅರ್ತ್ ವೈರನ್ನು ಮೊದಲು ಬಿಚ್ಚಬೇಕು. ಸಾಮಾನ್ಯವಾಗಿ ಅದು ನೆಗೆಟಿವ್, ಆದರೆ 1967ರವರೆಗಿನ ಎಂಜಿಬಿಯಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು, ನೋಡಿಕೊಂಡೇ ಕೈ ಹಾಕಬೇಕು. ಆಮೇಲೆ, ಏನನ್ನೂ ಒರೆಸುವ ಮುಂಚೆ, ಟಾರ್ಚ್ ಹಿಡಿದು ಕೊಳೆಯನ್ನು ಓದಬೇಕು. ಟ್ಯಾಪೆಟ್ ಕವರಿನ ಅಂಚಿನಿಂದ ಇಳಿದ ಕಪ್ಪು ಜಿಡ್ಡು ಪ್ಯಾಕಿಂಗ್ ಹೋದದ್ದನ್ನು ಹೇಳುತ್ತದೆ. ವಾಟರ್ ಪಂಪಿನ ಕೆಳಗೆ ಬಿಳಿ ಪೊರೆ ಕಟ್ಟಿದ್ದರೆ ಕೂಲಂಟ್ ಜಿನುಗುತ್ತಿದೆ. ಕಾರ್ಬೋರೇಟರಿನ ಕೆಳಗೆ ಧೂಳಿಲ್ಲದ ಕಂದು ಕಲೆ ಇದ್ದರೆ ಪೆಟ್ರೋಲು ಸೋರುತ್ತಿದೆ. ಅದು ಸರಿಯಾಗುವ ತನಕ ಬೇರೆ ಕೆಲಸವೇ ಬೇಡ. ಪೈಪಿನ ನೀರು ಮೊದಲು ಅಳಿಸುವುದು ಈ ಸಾಕ್ಷಿಗಳನ್ನೇ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮೆಕ್ಯಾನಿಕ್ಕಿಗೂ ಅನುಕೂಲ. ಮೂಲೆಯಲ್ಲಿ ಇಲಿ ಗೂಡು ಕಟ್ಟಿದ್ದರೆ ತೆಗೆಯಬೇಕು, ಒಣ ಹುಲ್ಲು ಎಕ್ಸಾಸ್ಟಿನ ಪಕ್ಕ ಇರಬಾರದು.

ಮೊದಲ ಸುತ್ತು ಒಣ ಬ್ರಷ್ಷಿನದು. ಕೂಡ್ಲಿಗಿ ಕಡೆಯ ಕೆಮ್ಮಣ್ಣು, ಹಡಗಲಿ ಕಡೆಯ ಎರೆ, ಮೈಲಾರ ಜಾತ್ರೆಯ ದಾರಿಯ ಧೂಳು, ಎಲ್ಲವೂ ಒಣಗಿದ್ದಾಗ ಉದುರುತ್ತವೆ. ಎರೆಮಣ್ಣು ನೆನೆದರೆ ಹೇಗೆ ಹಿಡಿಯುತ್ತದೆ ಎಂದು ಆ ಕಡೆಯ ರೈತರಿಗೆ ಹೇಳಬೇಕಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮಾಡಬೇಕು, ಬ್ರೇಕು ಮತ್ತು ಕ್ಲಚ್ಚಿನ ಸುತ್ತಲಿನ ಪುಡಿಗೆ ಗಾಳಿ ಊದಲೇಬಾರದು; ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಉಳಿದ ಜಿಡ್ಡಿಗೆ ನೀರಿನಲ್ಲಿ ಕರಗುವ ಸೌಮ್ಯ ಡಿಗ್ರೀಸರ್ ಸಾಕು, ಅದನ್ನೂ ಎಂಜಿನ್ನಿಗೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಬೇಕು. ಡಿಸ್ಟ್ರಿಬ್ಯೂಟರು, ಕಾಯಿಲ್, ಏರ್ ಫಿಲ್ಟರಿನ ಬಾಯಿ ಪ್ಲಾಸ್ಟಿಕ್ಕಿನಿಂದ ಮುಚ್ಚಿರಲಿ. ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಕೊನೆಗೆ ಹಿಂಡಿದ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮುಚ್ಚಿದ್ದೆಲ್ಲ ತೆಗೆದು, ಬಾನೆಟ್ ಎತ್ತಿ, ಎರಡು ಮೂರು ತಾಸು ಆರಲು ಬಿಟ್ಟ ಮೇಲೆ ಬ್ಯಾಟರಿ ಜೋಡಿಸಬೇಕು.

ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತದೆ, ವಾಟರ್ ಸರ್ವಿಸ್‌ನಲ್ಲಿ ಅರ್ಧ ತಾಸಿನ ಕೆಲಸ ಎಂಬ ಆಕ್ಷೇಪ ನ್ಯಾಯವೇ. ಆದರೆ ಇದು ವರ್ಷಕ್ಕೊಮ್ಮೆಯ ಕೆಲಸ, ನಡುವೆ ಆಗಾಗ ಒಣ ಬಟ್ಟೆ ಆಡಿಸಿದರೆ ಆಯಿತು. ಉಳಿಯುವ ಕೊಳೆಯೂ ನಾಲ್ಕು ಬಟ್ಟೆಯಲ್ಲಿ ಮುಗಿಯುತ್ತದೆ. ಕೆರೆ ದಂಡೆಯಲ್ಲೋ ತುಂಗಭದ್ರೆಯ ಹಿನ್ನೀರಿನಲ್ಲೋ ಗಾಡಿ ನಿಲ್ಲಿಸಿ ತೊಳೆದರೆ ಎಂಜಿನ್ ಆಯಿಲ್ಲೆಲ್ಲ ನೇರವಾಗಿ ನೀರಿಗೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ಅಂಥ ನೀರಿರುವ ಸೀಮೆಯಲ್ಲಿ ಜಿಡ್ಡಿನ ಬಟ್ಟೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಗ್ಯಾರೇಜಿನವರು ಹಳೆಯ ಆಯಿಲ್ ಕೊಡುವ ಕಡೆಗೇ ಕೊಡುವುದು ದೊಡ್ಡ ಶ್ರಮವೇನಲ್ಲ.