ಮನೆ ತಿಂಡಿ ಮಾರ್ತೀರಾ? ಇದನ್ನ ಕೇಳಿ

‘ಮನೇಲೇ ಮಾಡಿದ್ದು’ ಅಂದರೆ ಸಾಕು, ಚಕ್ಕುಲಿ, ಚಟ್ನಿಪುಡಿ, ಉಪ್ಪಿನಕಾಯಿಯನ್ನ ನಾವು ಕಣ್ಮುಚ್ಚಿ ಕೊಳ್ತೀವಿ. ಆ ನಂಬಿಕೆನೇ ಎಷ್ಟೋ ಹೆಣ್ಮಕ್ಕಳ ದುಡಿಮೆಗೆ ಬಂಡವಾಳ.

ಆದರೆ ಮಾರಾಟ ಶುರುವಾದರೆ, 2006ರ ಆಹಾರ ಸುರಕ್ಷತೆ ಕಾಯ್ದೆ ಮನೆಯ ಅಡುಗೆಕೋಣೆಗೂ ಅನ್ವಯಿಸುತ್ತೆ. ಹೆದರಬೇಡಿ. ವರ್ಷದ ವಹಿವಾಟು ನಿಗದಿತ ಮಿತಿ ಮೀರದ ಸಣ್ಣ ತಯಾರಕರಿಗೆ ಆ ಕಾಯ್ದೆಯಡಿಯ 2011ರ ನಿಯಮಗಳೇ ಲೈಸೆನ್ಸ್ ಬದಲು ಸರಳ ನೋಂದಣಿಯ ದಾರಿ ಕೊಟ್ಟಿವೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ; 14 ಅಂಕಿಯ ಸಂಖ್ಯೆ ಸಿಗುತ್ತೆ.

ಆ ಸಂಖ್ಯೆ ಇದ್ದರೆ, ಏನಾದರೂ ಕೆಟ್ಟಾಗ ತಯಾರಿಸಿದವರು ಯಾರು ಅಂತ ಗೊತ್ತಾಗುತ್ತೆ. ಶುದ್ಧ ನೀರು, ತಾಜಾ ಎಣ್ಣೆ, ಒಣಗಿದ ಡಬ್ಬಿ ಮಾತ್ರ ದಿನಾ ನೀವೇ ನೋಡ್ಕೋಬೇಕು.

ಮಾಡುವವರೇ, ನೋಂದಣಿ ಮಾಡಿಸಿ. ಕೊಳ್ಳುವವರೇ, ತಯಾರಿಸಿದ ದಿನಾಂಕ ಕೇಳಿ. ಹಾಗೆ ಕೇಳೋದು ಅನುಮಾನ ಅಲ್ಲ, ನಿಮ್ಮ ಹಕ್ಕು.