ನಿಮಗಿದು ಗೊತ್ತೇ? ತಂಡದ ಬೆನ್ನಿಗೆ ಹೊರಟವರ ಜೇಬಿನ ಲೆಕ್ಕ

ಟಿ.ವಿ.ಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡುವಾಗ ಗಮನಿಸಿದ್ದೀರಾ? ಇಡೀ ಕ್ರೀಡಾಂಗಣ ಒಂದು ಬಣ್ಣದಲ್ಲಿದ್ದರೆ ಒಂದು ಮೂಲೆ ಮಾತ್ರ ಬೇರೆ ಬಣ್ಣದಲ್ಲಿರುತ್ತದೆ. ತಂಡ ಸೋಲುತ್ತಿದ್ದರೂ ಆ ಮೂಲೆಯ ಹಾಡು ನಿಲ್ಲುವುದಿಲ್ಲ. ಅವರು ಪರವೂರಿನ ಪಂದ್ಯಕ್ಕೆ ತಂಡದ ಬೆನ್ನಿಗೆ ಬಂದವರು, ಅಲ್ಲಿನವರ ಮಾತಿನಲ್ಲಿ ‘ಅವೇ ಫ್ಯಾನ್ಸ್’. ಅವರಿಗಾಗಿ ತವರು ಕ್ಲಬ್ 3,000 ಟಿಕೆಟ್ ತೆಗೆದಿಡಬೇಕೆಂಬುದು ಪ್ರೀಮಿಯರ್ ಲೀಗ್‌ನ ನಿಯಮ. ಕ್ರೀಡಾಂಗಣ ಚಿಕ್ಕದಾಗಿದ್ದರೆ ಅದರ ಆಸನಗಳ ಶೇ 10ರಷ್ಟು. ಎಫ್‌ಎ ಕಪ್‌ನಲ್ಲಿ ಈ ಪಾಲು ಶೇ 15ಕ್ಕೆ ಏರುತ್ತದೆ.

● ಈ 3,000 ಜನರ ಟಿಕೆಟ್ ಹಣದಲ್ಲಿ ಅವರ ಸ್ವಂತ ತಂಡಕ್ಕೆ ಲೀಗ್ ಪಂದ್ಯದಲ್ಲಿ ಬಿಡಿಗಾಸೂ ಸಿಗುವುದಿಲ್ಲ. ಪೂರ್ತಿ ಹಣ ಎದುರಾಳಿ ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ.

● ಒಂದು ಟಿಕೆಟ್ಟಿನ ಬೆಲೆ ಇಡೀ ದೇಶದ ಸುದ್ದಿಯಾದ ದಿನ 2013ರ ಜನವರಿ 13. ಅಂದು ಮ್ಯಾಂಚೆಸ್ಟರ್ ಸಿಟಿ ತಂಡ ಲಂಡನ್ನಿನಲ್ಲಿ ಆರ್ಸೆನಲ್ ವಿರುದ್ಧ ಆಡಬೇಕಿತ್ತು. ಸಿಟಿ ಬೆಂಬಲಿಗರಿಗೆ ಒಂದು ಟಿಕೆಟ್‌ಗೆ 62 ಪೌಂಡ್, ಆಗಿನ ಲೆಕ್ಕದಲ್ಲೇ ಐದು ಸಾವಿರ ರೂಪಾಯಿ ದಾಟುವ ಮೊತ್ತ. ಸಿಟಿ ಆಗ ಹಾಲಿ ಚಾಂಪಿಯನ್. ಆದರೂ ತನ್ನ ಪಾಲಿನ 3,000 ಟಿಕೆಟ್‌ಗಳಲ್ಲಿ 912 ಖರ್ಚಾಗದೆ ವಾಪಸಾದವು. ಬಂದವರು ಬೆಲೆಯನ್ನೇ ಬ್ಯಾನರ್ ಮಾಡಿ ಎತ್ತಿ ಹಿಡಿದರು. ಪಂದ್ಯ ಗೆದ್ದ ಮೇಲೆ ಲೈನ್ಸ್‌ಮನ್ ಜಾನ್ ಬ್ರೂಕ್ಸ್ ಸಿಟಿ ಆಟಗಾರರಿಗೆ, ಅಲ್ಲಿರುವವರು 62 ಪೌಂಡ್ ಕೊಟ್ಟು ಬಂದಿದ್ದಾರೆ, ಹೋಗಿ ಅವರನ್ನು ಕಾಣಿರಿ ಎಂಬರ್ಥದ ಮಾತು ಹೇಳಿದ್ದು ಟಿ.ವಿ. ಮೈಕಿಗೆ ಸಿಕ್ಕಿಬಿಟ್ಟಿತು. ಫುಟ್‌ಬಾಲ್ ಆಡಳಿತದ ದೊಡ್ಡವರು ಆಡಬೇಕಿದ್ದ ಮಾತನ್ನು ಬಾವುಟ ಹಿಡಿದು ಗೆರೆಯಂಚಿನಲ್ಲಿ ಓಡುವ ಒಬ್ಬ ಅಧಿಕಾರಿ ಆಡಿದ್ದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

● ಅದೇ ತಿಂಗಳು ಬೆಂಬಲಿಗರ ಒಕ್ಕೂಟ ಒಂದು ಚಳವಳಿ ಹೂಡಿತು. ಹೊರಊರಿನ ಟಿಕೆಟ್‌ಗೆ 20 ಪೌಂಡ್ ಸಾಕು ಎಂಬುದೇ ಅದರ ಬೇಡಿಕೆ. ಆ ವರ್ಷದಿಂದ ಪ್ರೀಮಿಯರ್ ಲೀಗ್ ಪ್ರತಿ ಕ್ಲಬ್ಬಿಗೂ ವರ್ಷಕ್ಕೆ 2 ಲಕ್ಷ ಪೌಂಡ್ ಅನ್ನು ಪರವೂರಿಗೆ ಹೋಗುವ ಅಭಿಮಾನಿಗಳ ಸಲುವಾಗಿಯೇ ಎತ್ತಿಡತೊಡಗಿತು. ವೇಲ್ಸ್‌ನ ಸ್ವಾನ್ಸಿ ಸಿಟಿ ಕ್ಲಬ್ 2015-16ರಲ್ಲಿ ತನ್ನವರು ಯಾವ ಊರಿಗೆ ಹೋದರೂ 22 ಪೌಂಡ್‌ಗಿಂತ ಹೆಚ್ಚು ಕೊಡದಂತೆ ನೋಡಿಕೊಂಡಿತು. ಮಿಕ್ಕ ಹಣ ತುಂಬಿದ್ದು ಕ್ಲಬ್.

● 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ತನ್ನ ತವರಿನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಪ್ರಕಟಿಸಿತು. ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರನಡೆದರು. ಆಗ 2-0ರಿಂದ ಮುಂದಿದ್ದ ತಂಡ ಕೊನೆಗೆ 2-2ರಲ್ಲಿ ತೃಪ್ತಿಪಡಬೇಕಾಯಿತು. ಕ್ಲಬ್ಬಿನ ಮಾಲೀಕರು ಕ್ಷಮೆ ಕೇಳಿ ಬೆಲೆಯೇರಿಕೆ ಕೈಬಿಟ್ಟರು. ಮರುತಿಂಗಳೇ ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳು, ಪರವೂರಿನ ಅಭಿಮಾನಿಗೆ ಟಿಕೆಟ್ ಬೆಲೆ 30 ಪೌಂಡ್ ಮೀರಕೂಡದು ಎಂದು ಒಪ್ಪಿದವು. 2016-17ರ ಋತುವಿನಿಂದ ಈ ಮಿತಿ ಜಾರಿಗೆ ಬಂತು. ಜನ ಜಗಳವಾಡಿ ಗಿಟ್ಟಿಸಿಕೊಂಡದ್ದು ಇದು, ಯಾರೂ ದಾನವಾಗಿ ಕೊಟ್ಟದ್ದಲ್ಲ.

● ಒಂದು ಋತುವಿನಲ್ಲಿ ಪರವೂರಿನ ಲೀಗ್ ಪಂದ್ಯಗಳು 19. ಮಿತಿಯ ಬೆಲೆಯಲ್ಲೇ ಎಲ್ಲವನ್ನೂ ನೋಡಿದರೂ ಟಿಕೆಟ್‌ಗೇ 570 ಪೌಂಡ್, ಇಂದಿನ ಲೆಕ್ಕದಲ್ಲಿ 65 ಸಾವಿರ ರೂಪಾಯಿಗೆ ಮೇಲೆ. ರೈಲು, ಬಸ್ಸು, ಊಟ, ವಸತಿಗೆ ಯಾವ ಮಿತಿಯೂ ಇಲ್ಲ. ನಿಜವಾದ ಖರ್ಚು ಇರುವುದೇ ಅಲ್ಲಿ.

● ಎರಡನೇ ದರ್ಜೆಯ ಚಾಂಪಿಯನ್‌ಷಿಪ್ ಲೀಗ್‌ನಲ್ಲಿ ಪರವೂರಿನ ಪಂದ್ಯಗಳು 23. ಈ 30 ಪೌಂಡ್‌ನ ಮಿತಿ ಅಲ್ಲಿಗೆ ಅನ್ವಯಿಸುವುದೇ ಇಲ್ಲ.

● ನ್ಯೂಕ್ಯಾಸಲ್‌ನಿಂದ ಬೋರ್ನ್‌ಮತ್‌ಗೆ ಒಂದು ಕಡೆಯ ದಾರಿ ಸುಮಾರು 560 ಕಿ.ಮೀ. ಬೆಂಗಳೂರಿನಿಂದ ಕೊಚ್ಚಿಗೆ ರಸ್ತೆಯಲ್ಲಿ ಹೋದಷ್ಟು. ಪ್ಲಿಮತ್‌ನಿಂದ ಸಂಡರ್‌ಲೆಂಡ್‌ಗೆ 640 ಕಿ.ಮೀ.ಗೂ ಹೆಚ್ಚು. ನಡುರಾತ್ರಿ ಬಸ್ಸು ಹತ್ತಿ, 90 ನಿಮಿಷದ ಆಟ ನೋಡಿ, ಮತ್ತೊಂದು ನಡುರಾತ್ರಿ ಮನೆ ಸೇರುವುದು ಅಲ್ಲಿ ಮಾಮೂಲು.

● ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ಗೆ ಹೋದ ಹೊರಊರಿನವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅವರ ಆಸನಗಳಿರುವುದು ಏಳನೇ ಹಂತದಲ್ಲಿ, ಚಾವಣಿಗೆ ತಾಗಿದಂತೆ. ಬಸ್ಸಿನಲ್ಲಿ ಕೂತು ಜೋಮು ಹಿಡಿದ ಕಾಲಲ್ಲಿ ಸುತ್ತುಸುತ್ತಾಗಿ ಮೆಟ್ಟಿಲು ಹತ್ತಿ ಮೇಲೆ ಬಂದರೆ ಊರಿನ ಮನೆಗಳ ಮಾಡು ಚೆನ್ನಾಗಿ ಕಾಣುತ್ತದೆ. ಕೆಳಗೆ ಆಟಗಾರರು ಇರುವೆಗಳ ಹಾಗೆ. ಅಂಗಿಯ ಮೇಲಿನ ಸಂಖ್ಯೆ ಓದಲು ಕಣ್ಣು ಕಿರಿದು ಮಾಡಬೇಕು. ಮಂಡಿನೋವಿನ ಹಿರಿಯರು ಅಷ್ಟು ಹತ್ತಿಕೊಂಡು ಹೋಗುತ್ತಾರೆ ಎಂದರೆ ಅವರ ಪ್ರೀತಿಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

● ದುಡ್ಡಿದ್ದ ಮಾತ್ರಕ್ಕೆ ಟಿಕೆಟ್ ಸಿಗುವುದೂ ಇಲ್ಲ. ದೊಡ್ಡ ಕ್ಲಬ್‌ಗಳಲ್ಲಿ ಹಿಂದೆ ಎಷ್ಟು ಪಂದ್ಯಗಳಿಗೆ ಹೋಗಿದ್ದೀರಿ ಎಂಬುದಕ್ಕೆ ಅಂಕ. ಅಂಕ ಹೆಚ್ಚಿದ್ದವರಿಗೆ ಮೊದಲ ಅವಕಾಶ. ಹೋಗದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಹೋಗುವಂತಿಲ್ಲ. ಹೊಸ ತಲೆಮಾರಿನ ಹುಡುಗ ಹುಡುಗಿಯರು ಹೊರಗುಳಿಯುವುದು ಹೀಗೆ.

● ಪಂದ್ಯಕ್ಕೆ ಅಭಿಮಾನಿಗಳನ್ನು ಹೊತ್ತೊಯ್ಯುವ ಬಸ್ಸಿನಲ್ಲಿ ಮದ್ಯ ಇಟ್ಟುಕೊಳ್ಳುವುದು, ಕುಡಿಯುವುದು ಇಂಗ್ಲೆಂಡಿನಲ್ಲಿ 1985ರ ಕಾಯ್ದೆಯಿಂದ ಅಪರಾಧ.

● ಬ್ರಿಟನ್ನಿನಲ್ಲಿ ಅಗ್ಗದ ಮುಂಗಡ ರೈಲು ಟಿಕೆಟ್ ಕೊಂಡರೆ ಹಣ ವಾಪಸಿಲ್ಲ. ಈಗ ಹೀಗೊಂದು ಲೆಕ್ಕ ಹಾಕಿ. ಶನಿವಾರ ಮಧ್ಯಾಹ್ನ 3ಕ್ಕೆ ಪಂದ್ಯವೆಂದು ವೇಳಾಪಟ್ಟಿ ಹೇಳುತ್ತದೆ. ನೀವು ಮುಂಗಡ ಟಿಕೆಟ್ ಕೊಳ್ಳುತ್ತೀರಿ. ಆಮೇಲೆ ಟಿ.ವಿ. ಕಂಪನಿಯವರು ಅದೇ ಪಂದ್ಯವನ್ನು ಸೋಮವಾರ ರಾತ್ರಿ 8ಕ್ಕೆ ಒಯ್ಯುತ್ತಾರೆ. ಕೊಂಡ ಟಿಕೆಟ್ ದಂಡ, ಹೊಸ ಟಿಕೆಟ್ ದುಬಾರಿ, ಸೋಮವಾರ ಮಧ್ಯಾಹ್ನವೂ ಮಂಗಳವಾರವೂ ಕೆಲಸಕ್ಕೆ ರಜೆ. ಪಂದ್ಯ ಮುಗಿಯುವುದು ರಾತ್ರಿ 10ರ ಸುಮಾರಿಗೆ, ದೂರದ ಊರಿನ ಕೊನೆಯ ರೈಲು ಅಷ್ಟರಲ್ಲಿ ಹೊರಟಾಗಿರುತ್ತದೆ. ಹಾಗಾಗಿ ಒಂದು ರಾತ್ರಿಯ ಹೋಟೆಲ್ ಖರ್ಚೂ ಸೇರುತ್ತದೆ. ಇದನ್ನು ಯಾರೂ ಭರಿಸಿಕೊಡುವುದಿಲ್ಲ. 2025ರಿಂದ ನಾಲ್ಕು ಋತುಗಳ ಪ್ರೀಮಿಯರ್ ಲೀಗ್‌ನ ಬ್ರಿಟನ್ ಪ್ರಸಾರ ಹಕ್ಕು ಮಾರಾಟವಾದದ್ದು 670 ಕೋಟಿ ಪೌಂಡ್‌ಗೆ. ಪಂದ್ಯದ ಸಮಯ ಬದಲಾದಾಗ ನೊಂದವರಿಗೆ ಅದರಲ್ಲೊಂದು ಸಣ್ಣ ನಿಧಿ ತೆಗೆದಿಡಲಾಗದೆ? ಖಂಡಿತ ಆಗುತ್ತದೆ, ಮನಸ್ಸು ಬೇಕು.

● ಕ್ರಿಸ್‌ಮಸ್ ಮರುದಿನದ ಪಂದ್ಯ ಇಂಗ್ಲೆಂಡಿನ ಹಳೆಯ ಸಂಪ್ರದಾಯ. ಆದರೆ ಡಿಸೆಂಬರ್ 26ರಂದು ಅಲ್ಲಿ ಬೆರಳೆಣಿಕೆಯ ಮಾರ್ಗಗಳಲ್ಲಿ ಮಾತ್ರ ರೈಲು ಓಡುತ್ತದೆ. 2025ರಲ್ಲಿ ಅಂದು ನಡೆದ ಒಂದೇ ಒಂದು ಪ್ರೀಮಿಯರ್ ಲೀಗ್ ಪಂದ್ಯಕ್ಕೆ ನ್ಯೂಕ್ಯಾಸಲ್‌ನವರು ಮ್ಯಾಂಚೆಸ್ಟರ್‌ಗೆ ಹೋಗಬೇಕಿತ್ತು. ಆಟ ಶುರುವಾದದ್ದು ರಾತ್ರಿ 8ಕ್ಕೆ. 2023ರಲ್ಲಂತೂ ಡಿಸೆಂಬರ್ 24ರಂದೇ ಚೆಲ್ಸಿ ಅಭಿಮಾನಿಗಳು ಲಂಡನ್ ಬಿಟ್ಟು ವುಲ್ವರ್‌ಹ್ಯಾಂಪ್ಟನ್‌ಗೆ ಹೋಗಬೇಕಾಯಿತು. 1995ರ ನಂತರ ಹಬ್ಬದ ಹಿಂದಿನ ದಿನ ನಡೆದ ಮೊದಲ ಪ್ರೀಮಿಯರ್ ಲೀಗ್ ಪಂದ್ಯವದು. ನಮ್ಮಲ್ಲಿ ದೀಪಾವಳಿಯ ದಿನ ಇನ್ನೊಂದು ಊರಿಗೆ ಹೋಗಿ ಬನ್ನಿ ಎಂದರೆ ಮನೆಯವರು ಏನೆನ್ನುತ್ತಾರೆ ಯೋಚಿಸಿ.

● ಇಷ್ಟೆಲ್ಲ ಪಾಡುಪಟ್ಟು ಹೋದಾಗ ತಂಡ ಮಣ್ಣು ಮುಕ್ಕಿದರೆ? ಕೆಲವು ಆಟಗಾರರು ತಮ್ಮ ಜೇಬಿನಿಂದ ಟಿಕೆಟ್ ಹಣ ಮರಳಿಸಿದ್ದಾರೆ. 2009ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ 9-1ರಿಂದ ಸೋತ ವಿಗನ್ ಆಟಗಾರರು, 2014ರಲ್ಲಿ ಸೌತಾಂಪ್ಟನ್‌ನಲ್ಲಿ 8-0ರಿಂದ ಸೋತ ಸಂಡರ್‌ಲೆಂಡ್‌ನವರು, 2023ರಲ್ಲಿ ನ್ಯೂಕ್ಯಾಸಲ್‌ನಲ್ಲಿ 21 ನಿಮಿಷದೊಳಗೆ ಐದು ಗೋಲು ಬಿಟ್ಟುಕೊಟ್ಟು 6-1ರಿಂದ ಸೋತ ಟಾಟನ್‌ಹ್ಯಾಮ್‌ನವರು. ಸೋತದ್ದಕ್ಕೆ ಹಣ ಮರಳಿಸಬೇಕೆಂದು ಅಭಿಮಾನಿ ಕೇಳುವುದಿಲ್ಲ. ಬಂದದ್ದನ್ನು ಆಟಗಾರರು ಗಮನಿಸಿದರು ಎಂಬುದೇ ಅವನಿಗೆ ದೊಡ್ಡದು.

● ಯೂರೋಪಿನ ಪಂದ್ಯಗಳಲ್ಲಿ ಬೆಲೆ ಇನ್ನೂ ಬಿಸಿ. 2019ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳಿಗೆ ಟಿಕೆಟ್‌ಗೆ 102 ಪೌಂಡ್ ಹೇಳಿತು. ಯುನೈಟೆಡ್ ಸುಮ್ಮನಿರಲಿಲ್ಲ. ಬಾರ್ಸಿಲೋನಾದವರಿಗೂ ಅಷ್ಟೇ ಬೆಲೆ ಹಾಕಿ, ಹೆಚ್ಚುವರಿ ಹಣದಲ್ಲಿ ತನ್ನವರಿಗೆ ತಲಾ 27 ಪೌಂಡ್ ಕಡಿಮೆ ಮಾಡಿತು. ಹಿಂದಿನ ವರ್ಷ ಸೆವಿಯ್ಯಾ ಜೊತೆಗೂ ಹೀಗೇ ಆಗಿತ್ತು. ನ್ಯಾಯ ಅನ್ನಿಸಿದರೂ, ಈ ಹಗ್ಗಜಗ್ಗಾಟದಲ್ಲಿ ನಿಜಕ್ಕೂ ಹಣ ತೆತ್ತದ್ದು ಸ್ಪೇನಿನ ಬಡ ಅಭಿಮಾನಿ. ಈಗ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಪರವೂರಿನ ಟಿಕೆಟ್‌ಗೆ ಮಿತಿ ಹೇರಿದೆ: 2025-26ರಲ್ಲಿ ಚಾಂಪಿಯನ್ಸ್ ಲೀಗ್‌ಗೆ 50 ಯೂರೋ, ಯೂರೋಪಾ ಲೀಗ್‌ಗೆ 35.

● 2019ರ ಯೂರೋಪಾ ಲೀಗ್ ಫೈನಲ್‌ನಲ್ಲಿ ಎದುರಾದದ್ದು ಲಂಡನ್ನಿನದೇ ಎರಡು ತಂಡಗಳು, ಆರ್ಸೆನಲ್ ಮತ್ತು ಚೆಲ್ಸಿ. ಪಂದ್ಯ ನಡೆದದ್ದು ಸುಮಾರು 4,000 ಕಿ.ಮೀ. ಆಚೆ, ಅಜರ್‌ಬೈಜಾನಿನ ಬಾಕುವಿನಲ್ಲಿ! ಸುಮಾರು 68 ಸಾವಿರ ಆಸನಗಳ ಕ್ರೀಡಾಂಗಣದಲ್ಲಿ ಒಂದೊಂದು ಕ್ಲಬ್ಬಿಗೆ ಸಿಕ್ಕದ್ದು 6,000 ಟಿಕೆಟ್. ದಾರಿಖರ್ಚಿಗೆ ಹೆದರಿ ಅದೂ ಪೂರ್ತಿ ಮಾರಾಟವಾಗಲಿಲ್ಲ.

● ಅದಕ್ಕಿಂತ ದೂರ ತಳ್ಳಿಸಿಕೊಂಡವರು ಅರ್ಜೆಂಟೀನಾದವರು. 2013ರಲ್ಲಿ ಲಾ ಪ್ಲಾಟಾ ಊರಿನಲ್ಲಿ ಅಭಿಮಾನಿಯೊಬ್ಬ ಸತ್ತ ಮೇಲೆ ಆ ದೇಶದಲ್ಲಿ ಪರವೂರಿನ ಬೆಂಬಲಿಗರಿಗೆ ಕ್ರೀಡಾಂಗಣದ ಬಾಗಿಲೇ ಮುಚ್ಚಿತು. 2018ರ ಕೋಪಾ ಲಿಬರ್ತಡೋರೆಸ್ ಫೈನಲ್‌ನಲ್ಲಿ ಬ್ಯೂನಸ್ ಐರಿಸ್‌ನ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಮುಖಾಮುಖಿಯಾದವು. ಬೋಕಾ ಬಸ್ಸಿನ ಮೇಲೆ ದಾಳಿ ನಡೆದದ್ದರಿಂದ ಎರಡನೇ ಪಂದ್ಯವನ್ನು ಸ್ಪೇನಿನ ಮ್ಯಾಡ್ರಿಡ್‌ಗೆ ಒಯ್ದರು. ತಮ್ಮ ತವರಿನ ಪಂದ್ಯ ನೋಡಲು ರಿವರ್ ಅಭಿಮಾನಿಗಳು 10 ಸಾವಿರ ಕಿ.ಮೀ. ಹಾರಬೇಕಾಯಿತು.

● ಇಂಗ್ಲೆಂಡಿನ ಲೂಟನ್ ಟೌನ್ ಕ್ಲಬ್ಬೂ 1986ರಿಂದ ನಾಲ್ಕು ಋತು ಹೊರಊರಿನವರನ್ನು ಒಳಬಿಡಲಿಲ್ಲ. ಲೀಗ್ ಕಪ್‌ನವರು ಅದನ್ನು ಆ ವರ್ಷದ ಪಂದ್ಯಾವಳಿಯಿಂದಲೇ ಹೊರಹಾಕಿದರು.

● ಜರ್ಮನಿಯ ಅಭಿಮಾನಿಗಳು ಸೋಮವಾರದ ಪಂದ್ಯವನ್ನೇ ಓಡಿಸಿದರು. 2018ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೈದಾನಕ್ಕೆ ಟೆನಿಸ್ ಚೆಂಡುಗಳ ಮಳೆ ಸುರಿಯಿತು. ವಾರದ ದಿನ ಕೂಲಿ ಬಿಟ್ಟು ನೂರಾರು ಕಿ.ಮೀ. ಹೋಗಲಾಗದು ಎಂಬುದು ಅವರ ವಾದ. 2021-22ರಿಂದ ಬುಂಡೆಸ್‌ಲೀಗಾದಲ್ಲಿ ಸೋಮವಾರದ ಪಂದ್ಯಗಳಿಲ್ಲ. ಅಲ್ಲಿನ ಅನೇಕ ಕ್ಲಬ್‌ಗಳ ಟಿಕೆಟ್ ತೋರಿಸಿದರೆ ಸ್ಥಳೀಯ ರೈಲು, ಬಸ್ ಪ್ರಯಾಣವೂ ಉಚಿತ.

● ದೂರದ ದಾಖಲೆ ಬೇಕೆ? ರಷ್ಯಾದ ಉನ್ನತ ಲೀಗ್‌ನಲ್ಲಿ 2006ರಿಂದ 2008ರವರೆಗೆ ವ್ಲಾದಿವೊಸ್ತೋಕ್‌ನ ತಂಡ ಆಡುತ್ತಿತ್ತು. ಮಾಸ್ಕೋದಿಂದ ಅಲ್ಲಿಗೆ ರೈಲುದಾರಿ 9,289 ಕಿ.ಮೀ., ಹೆಚ್ಚೂಕಡಿಮೆ ಒಂದು ವಾರ. ಆಸ್ಟ್ರೇಲಿಯಾದ ಪರ್ತ್ ಮತ್ತು ನ್ಯೂಜಿಲೆಂಡ್‌ನ ವೆಲಿಂಗ್ಟನ್ ಒಂದೇ ಲೀಗ್‌ನಲ್ಲಿವೆ. ನಡುವಿನ ಅಂತರ 5,200 ಕಿ.ಮೀ.ಗೂ ಹೆಚ್ಚು.

● 2020ರ ಜೂನ್‌ನಲ್ಲಿ ಕೋವಿಡ್ ನಡುವೆ ಇಂಗ್ಲೆಂಡಿನ ಖಾಲಿ ಕ್ರೀಡಾಂಗಣಗಳಲ್ಲಿ ಆಟ ಮತ್ತೆ ಶುರುವಾದಾಗ ಟಿ.ವಿ.ಯವರು ಮೊದಲೇ ಧ್ವನಿಮುದ್ರಿಸಿದ್ದ ಜನರ ಕೂಗನ್ನು ಸೇರಿಸಿ ಪ್ರಸಾರ ಮಾಡಿದರು. ಆ ಕೂಗು ಎಷ್ಟು ಬೆಲೆಬಾಳುತ್ತದೆ ಎಂಬುದು ಅವರಿಗೆ ಗೊತ್ತು.

● ನಮ್ಮ ಬೆಂಗಳೂರು ಎಫ್‌ಸಿಯ ಕಥೆಗೆ ಬರೋಣ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಪ್ರಶಸ್ತಿ ಖಚಿತವಾದದ್ದು 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ, ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆಯಿತು. ಅದು ದೋಹಾದಲ್ಲಿ. 2017ರಲ್ಲಿ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ನಲ್ಲಿ ಆಡಿ 0-0 ಡ್ರಾ ಮಾಡಿಕೊಂಡಿತು. 2019ರಲ್ಲಿ ಐಎಸ್‌ಎಲ್ ಕಿರೀಟ ಗೆದ್ದದ್ದು ಮುಂಬೈನಲ್ಲಿ, ರಾಹುಲ್ ಭೇಕೆ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಒಂದೇ ಗೋಲಿನಿಂದ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದವರು ಎಷ್ಟೇ ಹಾಡಿದರೂ, ತಂಡದ ಈ ದೊಡ್ಡ ದಿನಗಳನ್ನು ಕಣ್ಣಾರೆ ಕಾಣಲು ಊರು ಬಿಟ್ಟೇ ಹೋಗಬೇಕಿತ್ತು.

● ಅವರು ಹೋಗುವುದಾದರೂ ಹೇಗೆ? 2024ರ ನವೆಂಬರ್‌ನಿಂದ ಭಾರತೀಯ ರೈಲ್ವೆಯಲ್ಲಿ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. 2024-25ರ ಐಎಸ್‌ಎಲ್ ವೇಳಾಪಟ್ಟಿ ಬಂದದ್ದು ಆಗಸ್ಟ್ ಕೊನೆಗೆ, ಆಟ ಶುರುವಾದದ್ದು ಸೆಪ್ಟೆಂಬರ್ 13ಕ್ಕೆ. ಅದೂ ಡಿಸೆಂಬರ್‌ವರೆಗಿನ ಅರ್ಧ ಪಟ್ಟಿ. ಮುಂದಿನ ಋತುವಂತೂ ಹಕ್ಕುಗಳ ಒಪ್ಪಂದದ ಗೊಂದಲದಲ್ಲಿ ತಿಂಗಳುಗಟ್ಟಲೆ ಮುಂದೆ ಹೋಯಿತು. ಗುವಾಹಟಿಗೋ ಕೋಲ್ಕತ್ತಕ್ಕೋ ಹೊರಡುವ ಹುಡುಗನಿಗೆ ಆ ಹೊತ್ತಿಗೆ ಉಳಿಯುವುದು ವೇಟಿಂಗ್ ಲಿಸ್ಟ್, ಇಲ್ಲವೇ ಕೊನೆಗಳಿಗೆಯ ದುಬಾರಿ ವಿಮಾನ. ಲೀಗ್ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ದಿನಾಂಕಗಳನ್ನು 60 ದಿನ ಮೊದಲು ಹೇಳಿ, ಹೇಳಿದ ಮೇಲೆ ಬದಲಿಸಬೇಡಿ.